ಲೆಗೋ ರೈಲಿನ ಮಾಡ್ಯೂಲ್ ಲೇಔಟ್: ಹುಬ್ಬಳ್ಳಿ, ಗದಗ, ಹಾವೇರಿ ಕಡೆ ಯಾರರ ಮಾಡೀರೇನ್ರಿ?

ಕೇಶ್ವಾಪುರದ ಹಳಿ:

ಎಲ್ಲಾರಿಗೂ ನಮಸ್ಕಾರ್ರಿ. ನಮ್ದು ಹುಬ್ಬಳ್ಳಿ ಕೇಶ್ವಾಪುರ, ಸಣ್ಣಂವ ಇದ್ದಾಗಿಂದ ರಾತ್ರಿ ಯಾರ್ಡಿನ ಶಂಟಿಂಗ್ ಸಪ್ಪಳ ಕೇಳ್ಕೋತ ಮಲಗಿ ಬೆಳದಾಂವ ನಾನು, ಅಪ್ಪಾರು ವರ್ಕ್‌ಶಾಪಿನ್ಯಾಗ ಫಿಟ್ಟರ್ ಇದ್ರು. ಈಗ ಮಗಳಿಗೆ ಒಂಬತ್ತು ವರ್ಷ, ಆಕಿಗೂ ರೈಲಿನ ಹುಚ್ಚು ಹತ್ತೇತಿ. ಮನ್ಯಾಗ ಲೆಗೋ ಸಿಟಿ ಪ್ಯಾಸೆಂಜರ್ ರೈಲು ಒಂದು, ಗೂಡ್ಸ್ ಒಂದು ಅದಾವು. ರವಿವಾರ ಮುಂಜಾನೆ ಹಾಲಿನ್ಯಾಗ ಫರಸಿ ಮ್ಯಾಲ ಹಳಿ ಹಾಸ್ತೀವಿ, ಸಂಜೀಕ ಯಾರರ ಬರ್ತಾರಂತ ಎಲ್ಲಾ ಕಿತ್ತು ಡಬ್ಬಿಗೆ ತುಂಬ್ತೀವಿ, ಹಿಂಗಾಗಿ ಹಳಿ ಸುತ್ತ ಒಂದು ಊರು ಕಟ್ಟೂದು ಆಗಾಕ ಒಲ್ದು. ಆಕಿ ಕಟ್ಟಿದ ಸ್ಟೇಷನ್ನ ಸಂಜೀಕ ಒಡಿಯೂವಾಗ ಆಕಿ ಮಾರಿ ನೋಡಾಕ ಆಗೂದಿಲ್ರಿ.

ಅದಕ್ಕ ತುಂಡು ತುಂಡು ಮಾಡಿ ಇಟ್ಟು, ಬೇಕಾದಾಗ ಜೋಡಸೂ ಹಂಗ ಮಾಡೂಣು ಅಂತ ವಿಚಾರ ಮಾಡೀನಿ. ಮಂಚದ ಕೆಳಗ ನಾಕು ತುಂಡು, ಅಟ್ಟದ ಮ್ಯಾಲ ಎರಡು ಇಡಬಹುದು. ಒಂದು ತುಂಡಿಗೆ ಉದ್ದಕ್ಕ ಮೂರು ಬೇಸ್‌ಪ್ಲೇಟ್ (ಇಟ್ಟಿಗಿ ಕಚ್ಚಸೂ ಲೆಗೋ ತಳದ ಹಾಳಿ), ಅಡ್ಡ ಎರಡು. 32 ಸ್ಟಡ್ಡಿನ, ಅಂದ್ರ ಮ್ಯಾಲ 32 ಸಾಲು ಗುಬ್ಬಿ ಇರೂ, ಬೇಸ್‌ಪ್ಲೇಟ್ 25.6 ಸೆಂಟಿಮೀಟರ್, ಮೂರು ಕೂಡ್ಸಿದ್ರ 76.8 ಅಂತ ಚೀಟಿ ಬರದು ಬಡಗ್ಯಾರಿಗೆ ಕೊಟ್ಟಿದ್ದೆ. ಅವರು ಅದನ್ನ ಎರಡೂವರಿ ಫೂಟ್ ಅಂತ ಹಿಡದು ನಾಕೂ ಪ್ಲೈ ಕೊಯ್ದು ಇಟ್ಟಾರ. ಎರಡೂವರಿ ಫೂಟ್ ಅಂದ್ರ 76.2, ಒಂದೊಂದ್ರಾಗೂ 6 ಎಂಎಂ ಕಡಿಮಿ ಬಂದೇತಿ. ದುಡ್ಡು ಕೊಟ್ಟು ಬಂದು ಮನ್ಯಾಗ ಅಳತಿ ಮಾಡಿದ ಮ್ಯಾಲ ಗೊತ್ತಾತು, ಎದಿ ಝಲ್ ಅಂತು. ಈಗ ಈ ಪ್ಲೈ ಎಲ್ಲಾ ದಂಡ ಆತೇನ್ರಿ?

ಇನ್ನೊಂದು, ಹಳಿನ ಬೇಸ್‌ಪ್ಲೇಟಿನ ನಟ್ಟ ನಡುವ ಹಾಕಬೇಕೋ ಅಂಚಿಗೆ ಹಾಕಬೇಕೋ? ಮುಂದ ಯಾರರ ತಮ್ಮ ತುಂಡು ತಂದ್ರ ನಮ್ದಕ್ಕ ಕೂಡಬೇಕಲ್ಲ. ಮಗಳಿಗೆ ಹುಬ್ಬಳ್ಳಿ ಪ್ಲಾಟ್‌ಫಾರ್ಮ್ ಮಾಡೂದೈತಿ, ಅದೂ ಪೂರಾ ಉದ್ದ. ನಾ ಆಗೂದಿಲ್ಲ ಅಂತ ಹೇಳಾಕ ಮನಸ್ಸಿಲ್ಲ. ತಿಳದಾವ್ರು ಸ್ವಲ್ಪ ಹೇಳ್ರಿ.

ಗದಗ ಜಂಕ್ಷನ್:

ಪ್ಲೈ ಒಗೀಬ್ಯಾಡ್ರಿ ಅಣ್ಣಾರ! ಬಡಗ್ಯಾರು ಗೊತ್ತಿಲ್ದನ ನಿಮಗ ಒಳ್ಳೇದ ಮಾಡ್ಯಾರ. ಪ್ಲೈ ಯಾವಾಗ್ಲೂ ಬೇಸ್‌ಪ್ಲೇಟಿಗಿಂತ ಸ್ವಲ್ಪ ಸಣ್ಣದ ಇರಬೇಕು. ಎರಡು ತುಂಡು ಕೂಡ್ಸಿದಾಗ ಮೊದಲು ಇಟ್ಟಿಗಿಗೆ ಇಟ್ಟಿಗಿ ತಾಗಬೇಕು, ಕಟ್ಟಿಗಿಗೆ ಕಟ್ಟಿಗಿ ತಾಗಬಾರದು. ನಿಮ್ಮ ಪ್ಲೈ 77 ಬಂದಿತ್ತಂದ್ರ ಆವಾಗ ಅಳೂ ಪ್ರಸಂಗ, ಯಾಕಂದ್ರ ಜೋಡಣಿ ಕಡೆ 2 ಎಂಎಂ ಸಂದು ಬಿದ್ದು ಹಳಿ ಕಚ್ಚೂದ ಇಲ್ಲ. ಈಗ ನೀವು ಬೇಸ್‌ಪ್ಲೇಟನ್ನ ನಡುಮಧ್ಯ ಕುಂದ್ರಸ್ರಿ, ಎರಡೂ ಕಡೆ 3 ಎಂಎಂ ಹೊರಗ ಚಾಚಿರ್ತೈತಿ ಅಷ್ಟ. ನಾ ಬೇಕಂತನ 1 ಎಂಎಂ ಬಿಟ್ಟು ಕೊಯ್ಸೀನಿ, ನಿಮ್ದು 3 ಆತು, ಎತ್ತೂವಾಗ ಆ ಅಂಚು ಬಾಗಲಾ ಗ್ವಾಡಿಗೆ ತಾಗದಂಗ ನೋಡ್ಕೋರಿ.

ಈಗ ಹಳಿ ಎಲ್ಲಿ ಹಾಕೂದಂತ. ಇದನ್ನ ಸಾವಕಾಶ ಓದ್ರಿ, ಯಾಕಂದ್ರ ನಾ ಮೊದಲ ವರ್ಷ ಇದರಾಗ ತಪ್ಪಿ ಐದು ಮಾಡ್ಯೂಲ್ ಒಡದು ಮತ್ತ ಕಟ್ಟೀನಿ. ಒಂದು ಸ್ಟ್ರೇಟ್ ಹಳಿ 16 ಸ್ಟಡ್ ಉದ್ದ, ಅಂದ್ರ ಒಂದು ಬೇಸ್‌ಪ್ಲೇಟ್ ಮ್ಯಾಲ ಬರೋಬ್ಬರಿ ಎರಡು ಕೂಡ್ತಾವು. ಲೆಗೋ ಕರ್ವಿನ ತ್ರಿಜ್ಯ 40 ಸ್ಟಡ್, ನಾಕು ಕರ್ವ್ ಕೂಡ್ಸಿದ್ರ ಒಂದು ಮೂಲಿ, 16 ಆದ್ರ ಪೂರ್ತಿ ಸುತ್ತು. ನಮ್ಮ ಮೂಲಿ ತುಂಡು ಎರಡು ಬೈ ಎರಡು ಬೇಸ್‌ಪ್ಲೇಟ್, 64 ಸ್ಟಡ್. ಈಗ ಹಳಿಯ ನಡುಗೆರಿ ಹೊರ ಅಂಚಿನಿಂದ 8 ಸ್ಟಡ್ ಒಳಗ ಇಡ್ರಿ. ಮೂಲಿಯೊಳಗ ಒಂದು ಸ್ಟ್ರೇಟ್, ನಾಕು ಕರ್ವ್, ಮತ್ತೊಂದು ಸ್ಟ್ರೇಟ್: ಸ್ಟ್ರೇಟಿಂದು 16, ಕರ್ವಿಂದು 40, ಅಂಚಿಗೆ ಬಿಟ್ಟ 8, ಕೂಡ್ಸಿದ್ರ 64! ಒಂದು ಸ್ಟಡ್ ಹೆಚ್ಚಿಲ್ಲ ಕಡಿಮಿಲ್ಲ. ಎರಡನೇ ಲೈನ್ ಬೇಕಂದ್ರ ಅಂಚಿನಿಂದ 24ಕ್ಕ ಹಾಕ್ರಿ, ಆವಾಗ ಒಳ ಮೂಲಿಯಿಂದ ಬರೋಬ್ಬರಿ 40 ಉಳೀತೈತಿ, ಬರೇ ನಾಕು ಕರ್ವ್ ಹಾಕಿದ್ರ ಮುಗೀತು, ಸ್ಟ್ರೇಟ್ ಬ್ಯಾಡ. ಎರಡೂ ಲೈನಿನ ನಡುವ 16 ಸ್ಟಡ್ ಬರ್ತೈತಲ್ಲ, ಲೆಗೋ ಪಾಯಿಂಟ್ (ಒಂದು ಲೈನ್ ಎರಡಾಗೂ ಹಳಿ) ಹಾಕಿದ್ರ ಬಾಜೂ ಲೈನ್ ಬೀಳೂದೂ ಅದ 16ಕ್ಕನ. ಇದನ್ನ ಕಾಗದದ ಮ್ಯಾಲ ಲೆಕ್ಕಾ ಹಾಕಿ ನೋಡಿದ ದಿನ ನನಗ ರಾತ್ರಿ ನಿದ್ದಿ ಬರ್ಲಿಲ್ರಿ, ಅಷ್ಟು ಖುಷಿ ಆಗಿತ್ತು.

ಹೊರಗಿನ ಲೈನಿಗೆ ಮುಂದ ದುಡ್ಡು ಕೂಡಿದಾಗ ಬ್ಯಾರೆ ಕಂಪನ್ಯಾವ್ರ 56 ಸ್ಟಡ್ ತ್ರಿಜ್ಯದ ಕರ್ವ್ ತಗೋಬಹುದು, 64ರಾಗ 8 ಕಳದ್ರ 56, ಅದೂ ಹಂಗ ಕೂಡ್ತೈತಿ.

ತುಂಡಿಗೆ ತುಂಡು ಹಿಡಸೂದು ಹೆಂಗಂದ್ರ, ಬೇಸ್‌ಪ್ಲೇಟ್ ತೆಳ್ಳಗಿರ್ತೈತಿ, ಅದಕ್ಕ ಏನೂ ಚುಚ್ಚಾಕ ಬರೂದಿಲ್ಲ. ಅಂಚಿಗೆ ತೂತಿನ ಟೆಕ್ನಿಕ್ ಇಟ್ಟಿಗಿ ಒಂದು ಸಾಲು ಹಾಕಿ, ಮ್ಯಾಲ ಪ್ಲೇಟ್, ಅಂದ್ರ ತೆಳ್ಳನ ಇಟ್ಟಿಗಿ, ಮುಚ್ಚಿ, ಪಿನ್ನಿನಿಂದ ಬಾಜೂದಕ್ಕ ಕೂಡಸ್ರಿ. ಕೆಳಗ ಪ್ಲೈ ಫ್ರೇಮಿಗೆ 8 ಎಂಎಂ ಬೋಲ್ಟ್ ಹಾಕ್ತಿದ್ರ ತೂತು 10 ಎಂಎಂ ಕೊರೀರಿ, ಬೋಲ್ಟಿಗೆ ಅತ್ತಿತ್ತ ಸರಿಯಾಕ ಜಾಗಾ ಬೇಕು. ಸಾಲು ಹಚ್ಚೂದು ಪಿನ್ನಿನ ಕೆಲಸ, ಹಿಡಕೊಳ್ಳೂದು ಬೋಲ್ಟಿನ ಕೆಲಸ. ಮತ್ತ ಪ್ರತಿ ತುಂಡಿನ ಬಲಗಡೆ ಕೊನೀ ಹಳಿನ ಕೆಳಗಿನ ಸ್ಟಡ್ಡಿಗೆ ಒತ್ತಿ ಕುಂದ್ರಸಬ್ಯಾಡ್ರಿ, ಸಡ್ಲ ಬಿಡ್ರಿ, ಕಡೀಕ ಅದನ್ನ ಎತ್ತಿ ಎರಡೂ ಕಡೆ ಕಚ್ಚಸಾಕ ಬೇಕಾಗ್ತೈತಿ.

ಅಂಚು ಎಲ್ಲಾರ್ದೂ ಒಂದ ಇರಲಿ, ನಡುವಿಂದು ಅವರವರ ಇಷ್ಟ. ನಮ್ಮ ತುಂಡಿನ ಮ್ಯಾಲ ಕಪ್ಪತಗುಡ್ಡ ಐತಿ, ಗಾಳಿಗಿರಣಿ ಐತಿ, ಎರಿ ಮಣ್ಣಿನ ಹೊಲ ಐತಿ. ನಿಮ್ದು ಬ್ಯಾರೆ ಇರ್ತೈತಿ. ಅಂಚಿನ್ಯಾಗ 8 ಮತ್ತ 24 ಇದ್ರ ರೈಲು ಸುಮ್ಮನ ದಾಟಿ ಹೊಕ್ಕೇತಿ.

ಹಳೇ ಪೈಲಟ್:

ತಮ್ಮಾ, ನಾನೂ ಹುಬ್ಬಳ್ಳಿಯಾಂವನ. ಗೂಡ್ಸ್ ಗಾಡಿ ಓಡಿಸಿ ರಿಟೈರ್ ಆಗೀನಿ, ಈಗ ಮೊಮ್ಮಗನ ಜೋಡಿ ಇದ ಆಟ. ಗದಗದವ್ರು ಹೇಳಿದ್ದು ಬರೋಬ್ಬರಿ ಅದ. ನಾ ಒಂದ ಮಾತು ಸೇರಸ್ತೇನಿ, ಏರಿನ ಬಗ್ಗೆ, ಯಾಕಂದ್ರ ಹುಡುಗ್ರು ಮೊದಲ ಕೇಳೂದ ಸೇತುವಿ, ಒಂದರ ಮ್ಯಾಲ ಒಂದು ರೈಲು ಹೋಗಬೇಕು ಅಂತಾರ.

ಒಂದು ಸ್ಟ್ರೇಟ್ ಹಳಿ 128 ಎಂಎಂ ಉದ್ದ. ಪ್ರತಿ ಹಳಿಗೆ ಒಂದೊಂದು ಪ್ಲೇಟ್, ಅಂದ್ರ 3.2 ಎಂಎಂ ಎತ್ತರಿಸ್ಕೋತ ಹೋದ್ರ ಏರು 40ಕ್ಕ 1 ಬೀಳ್ತದ. ಈಗ ನೋಡು, ನಮ್ಮ ಕ್ಯಾಸಲ್‌ರಾಕ್‌ನಿಂದ ಕುಳೆಂಗೆ ಇಳಿಯೂ ಬ್ರಗಾಂಜಾ ಘಾಟಿನ ಏರು ಎಷ್ಟಂದಿ, 37ಕ್ಕ 1. ಆ ಏರಿನ್ಯಾಗ ಗೂಡ್ಸಿಗೆ ಮುಂದಿನ ಎಂಜಿನ್ ಸಾಲೂದಿಲ್ಲ, ಹಿಂದ ಬ್ಯಾಂಕರ್ ಹಚ್ಚಿ ದಬ್ಬಿಸ್ಕೊಂಡ ಏರಬೇಕು. ಮಳಿಗಾಲದಾಗ ದೂಧಸಾಗರದ ಹಂತೇಕ ಹಳಿ ಒದ್ದಿ ಇದ್ದಾಗ ಗಾಲಿ ಜಾರೂ ಸಪ್ಪಳ ನನ್ನ ಕಿವ್ಯಾಗ ಇನ್ನೂ ಅದ. ನಿನ್ನ ಸಣ್ಣ ಮೋಟರ್ ಹಂಗ ತಿಣಕ್ತದ. ಮೋಟರಿನ ಗಾಲಿಗೆ ರಬ್ಬರ್ ಬಳಿ ಇರ್ತಾವಲ್ಲ, ಅವು ಧೂಳು ಹಿಡದ್ರ ಜಾರ್ತಾವು, ಒದ್ದಿ ಅರಬಿಲೆ ಒರಸು. ಡಬ್ಬಿ ಹೆಚ್ಚಾದ್ರ ಹಿಂದೊಂದು ಮೋಟರ್ ಹಚ್ಚು, ಅದ ನಿನ್ನ ಬ್ಯಾಂಕರ್.

ಆದ್ರ ಲೆಕ್ಕಾ ಹಾಕು. ಕೆಳಗಿನ ರೈಲು ದಾಟಾಕ ಹತ್ತು ಇಟ್ಟಿಗಿ ಎತ್ತರರ ಬೇಕು. ಹತ್ತು ಇಟ್ಟಿಗಿ ಅಂದ್ರ 30 ಪ್ಲೇಟ್, 30 ಪ್ಲೇಟಿಗೆ 30 ಹಳಿ, 3.84 ಮೀಟರ್ ಬರೇ ಏರಾಕ. ಇಳಿಯಾಕ ಮತ್ತ ಅಷ್ಟ. ಮನ್ಯಾಗ ಎಲ್ಲಿ ಇಡ್ತಿ? ಮೊದಲ ವರ್ಷ ಸಪಾಟ ಇಟ್ಕೋ, ಸಮಾ ಇಟ್ಕೋ. ಶಹಾಬಾದ್ ಫರಸಿ ನೆಲ ಒಂದ ಲೆವೆಲ್ ಇರೂದಿಲ್ಲ, ಪ್ರತಿ ಕಾಲಿಗೆ ಕೆಳಗೊಂದು ಬೋಲ್ಟ್ ಹಾಕಿಸಿ ತಿರುವಿ ಎತ್ತರಾ ಸರಿ ಮಾಡೂ ಹಂಗ ಮಾಡಿಸ್ಕೋ. ಹಳಿ ಕೂಡೂ ಕಡೆ ಅರ್ಧ ಎಂಎಂ ಮ್ಯಾಲ ಕೆಳಗ ಆದ್ರೂ ಸಣ್ಣ ಗಾಲಿ ಬಡೀತದ, ದೊಡ್ಡ ರೈಲಿನ್ಯಾಗೂ ಹಂಗ.

ಮಗಳನ್ನ ಗದಗ ರೋಡಿನ ರೈಲ್ವೆ ಮ್ಯೂಸಿಯಮ್ಮಿಗೆ ಕರ್ಕೊಂಡ ಹೋಗೀಯಿಲ್ಲೋ? 2020ರಾಗ ಆಗ್ಯದ. ಅಲ್ಲಿ ಹಳೇ ಗಾಲಿ, ಬೋಗಿ (ಡಬ್ಬಿ ಕೆಳಗಿನ ಗಾಲಿ ಚೌಕಟ್ಟು) ಹತ್ರ ನಿಂತು ನೋಡಿದ್ರ ಬೋಗಿ ತಿರುಗೂದು ಹೆಂಗ, ಕಪ್ಲಿಂಗ್ ಯಾಕ ಸಡ್ಲ ಇರಬೇಕು ಆಕಿಗೆ ತಾನ ತಿಳೀತದ. ನಿಮ್ಮ ಅಪ್ಪ ಕೆಲಸ ಮಾಡಿದ ವರ್ಕ್‌ಶಾಪ್ 1885ರಿಂದ ಅದ, ಅದನ್ನೂ ಹೇಳು ಆಕಿಗೆ. ಅಜ್ಜನ ವರ್ಕ್‌ಶಾಪ್ ಒಂದು ತುಂಡು ಮಾಡಲಿ.

ಕೇಶ್ವಾಪುರದ ಹಳಿ:

ಕಾಕಾರ, ನಿಮ್ಮ ಕೊನೀ ಮಾತು ಓದಿ ಮಗಳಿಗೆ ತೋರಿಸ್ದೆ, ಆಕಿ ಆಗಲೇ ಅಜ್ಜನ ಫೋಟೋ ಹುಡುಕ್ಲಿಕ್ಕೆ ಕುಂತಾಳ. ಗದಗದ ಅಣ್ಣಾರಿಗೂ ಭಾಳ ಉಪಕಾರ ಆತು, ನಿನ್ನೆ ರಾತ್ರಿ ಬರೇ ಮೂಲಿ ತುಂಡು ಜೋಡ್ಸಿ ನೋಡಿದ್ವಿ, 16, 40, 8 ಬರೋಬ್ಬರಿ ಕುಂತು. ನಮ್ಮ ಕೋಲಿ ಹತ್ತು ಬೈ ಹನ್ನೆರಡು ಫೂಟ್. ನಾಕು ಮೂಲಿ, ಉದ್ದಕ್ಕ ಎರಡೆರಡು ಅಡ್ಡಕ್ಕ ಒಂದೊಂದು ಸ್ಟ್ರೇಟ್ ತುಂಡು ಇಟ್ರ 2.56 ಬೈ 1.79 ಮೀಟರ್ ಆಗ್ತೈತಿ, ನಡುವ ನಾನೂ ಆಕಿನೂ ಕುಂದ್ರೂವಷ್ಟು ಜಾಗಾ ಉಳೀತೈತಿ.

ಇನ್ನೆರಡು ಕೇಳೂದೈತಿ. ಸೆಟ್ಟಿನ ರೈಲು ಹೊರದೇಶದ್ದು ಕಾಣ್ತೈತಿ, ನಮ್ಮ ನೀಲಿ ಡಬ್ಬಿ ಮಾಡಬೇಕಂದ್ರ ಅಳತಿ ಎಷ್ಟು ಹಿಡೀಬೇಕು? ಮತ್ತ ಇಟ್ಟಿಗಿ ರೇಟ್ ನೋಡಿದ್ರ ಕೈ ನಡುಗ್ತೈತಿ, ನೀವೆಲ್ಲಾ ಹೆಂಗ ಹೊಂದಸ್ಕೊಂಡೀರಿ?

ಬ್ಯಾಡಗಿ ಬ್ರಿಕ್ಸ್:

ನಮಸ್ಕಾರ್ರಿ ಅಣ್ಣಾರ, ನಾನು ಹಾವೇರಿ ಜಿಲ್ಲಾದಾಕಿ, ಸಾಲಿ ಟೀಚರ್. ಡಬ್ಬಿ ಅಳತಿ ನನಗ ಕೇಳ್ರಿ, ಮೂರು ಮಾಡೀನಿ.

ನಮ್ಮ ಬ್ರಾಡ್‌ಗೇಜ್ 1676 ಎಂಎಂ. ಲೆಗೋ ಹಳಿಯ ಗೇಜ್, ಅಂದ್ರ ಎರಡು ಹಳಿ ನಡುವಿನ ಅಂತರ, ಸುಮಾರು 37.5 ಎಂಎಂ. ಭಾಗಿಸಿದ್ರ ಹತ್ರಹತ್ರ 45 ಬರ್ತೈತಿ, ಅಂದ್ರ ಹಳಿ ಲೆಕ್ಕದಾಗ ನಮ್ಮ ಸ್ಕೇಲ್ 45ಕ್ಕ 1. ಆದ್ರ ಆ ಲೆಕ್ಕದಾಗ ಡಬ್ಬಿ 9 ಸ್ಟಡ್ ಅಗಲ ಆಗ್ತೈತಿ, 9 ಬೆಸ, ಬಾಗಲಾ ಕಿಟಕಿ ಯಾವೂ ಸರಿ ಕೂಡೂದಿಲ್ಲ. 8 ಸ್ಟಡ್ ಹಿಡೀರಿ. 8 ಸ್ಟಡ್ 64 ಎಂಎಂ, 50ರಿಂದ ಗುಣಸಿದ್ರ 3.2 ಮೀಟರ್, ನಮ್ಮ ನೀಲಿ ಐಸಿಎಫ್ (ಚೆನ್ನೈ ಕೋಚ್ ಫ್ಯಾಕ್ಟರಿ) ಡಬ್ಬಿಯ ನಿಜವಾದ ಅಗಲ 3.25. ನೋಡ್ರಿ ಎಷ್ಟು ಹತ್ರ! ಉದ್ದ 21.3 ಮೀಟರ್, 50ಕ್ಕ 1ರಾಗ 53 ಸ್ಟಡ್. ಅಷ್ಟು ಉದ್ದ ಮಾಡಿದ್ರ ನಿಮ್ಮ 40ರ ಕರ್ವಿನ್ಯಾಗ ತಿರುಗೂದು ಕಷ್ಟ. ನಾ 48 ಸ್ಟಡ್ ಮಾಡೀನಿ, ಬೋಗಿ ನಡುವ 32 ಬಿಟ್ಟೀನಿ, ಆದ್ರೂ ಕರ್ವಿನ್ಯಾಗ ಡಬ್ಬಿಯ ನಡು ಮೂರು ಸ್ಟಡ್ಡಿಗಿಂತ ಹೆಚ್ಚ ಒಳಗ ಬರ್ತೈತಿ, ಎರಡು ತುದಿ ಹೊರಗ ಹೊಕ್ಕಾವು. ಹಿಂಗಾಗಿ ಮೂಲಿ ತುಂಡಿನ ಮ್ಯಾಲ ಹಳಿ ಹತ್ರ ಗಿಡಾ, ಕಂಬ, ಸಿಗ್ನಲ್ ಏನೂ ನಿಲ್ಲಸಬ್ಯಾಡ್ರಿ. ನಾ ನಿಲ್ಲಿಸಿದ್ದೆ, ಮೊದಲನೇ ಸುತ್ತಿಗೆ ಮೂರು ಕಂಬ ಬಿದ್ವು, ಹುಡುಗ್ರೆಲ್ಲಾ ಅಯ್ಯೋ ಅಂದ್ವು.

ದುಡ್ಡಿನ ಮಾತು ಖರೇನ. ಹೊರಗಿನಿಂದ ಬರೂ ಆಟಿಗಿ ಸಾಮಾನಿನ ಮ್ಯಾಲ ಕಸ್ಟಮ್ಸ್ 20 ಪರ್ಸೆಂಟ್ ಇದ್ದದ್ದು 2020ರಾಗ 60 ಆತು, 2023ರಾಗ 70. ಅದಕ್ಕ ಕಾಣೂ ಕಡೆ ಅಷ್ಟ ಲೆಗೋ ಹಾಕ್ರಿ. ಗುಡ್ಡದ ಹೊಟ್ಟಿ, ಮನಿ ಒಳಗು, ಪ್ಲಾಟ್‌ಫಾರ್ಮಿನ ಕೆಳಗು ಎಲ್ಲಾ ಥರ್ಮೋಕೋಲ್ ಇಲ್ಲಾ ದುರ್ಗದ ಬೈಲಿನ್ಯಾಗ ಸಿಗೂ ಸಾದಾ ಇಟ್ಟಿಗಿ ತುಂಬ್ರಿ. ಅಂಚಿನ ಸಾಲಿಗೆ, ಪಿನ್ನಿಗೆ ಮಾತ್ರ ಹಗರ ಮಾಲು ಹಾಕಬ್ಯಾಡ್ರಿ, ಅಲ್ಲಿ ಕೂದಲೆಳಿಯಷ್ಟು ಫರಕ ಇದ್ರೂ ಮೂರು ಬೇಸ್‌ಪ್ಲೇಟಿಗೆ ಕೂಡ್ಕೋತ ಹೋಗಿ ಕಡೀಕ ಹಳಿ ಕಚ್ಚೂದಿಲ್ಲ. ಕೊಳ್ಳೂಕಿಂತ ಮೊದಲು ಕಂಪ್ಯೂಟರಿನ್ಯಾಗ ಬ್ರಿಕ್‌ಲಿಂಕ್ ಸ್ಟುಡಿಯೋದಾಗ ಕಟ್ಟಿ ನೋಡ್ರಿ, ಅದು ಫ್ರೀ ಐತಿ, ಎಷ್ಟು ಇಟ್ಟಿಗಿ ಬೇಕು ಅಂತ ಪಟ್ಟಿ ಅದ ಕೊಡ್ತೈತಿ.

ಎಂಡಿಎಫ್, ಅಂದ್ರ ಕಟ್ಟಿಗಿ ಪುಡಿ ಒತ್ತಿ ಮಾಡಿದ ಹಲಗಿ, ಮಾತ್ರ ತಗೋಬ್ಯಾಡ್ರಿ. ನಾ ಹಗರ ಅಂತ ತಂದೆ, ಶ್ರಾವಣದಾಗ ಕಿಟಕಿ ಹತ್ರ ಸೀರು ಬಡದು ಅಂಚೆಲ್ಲಾ ಉಬ್ಬಿ ಎರಡು ತುಂಡು ಕೂಡ್ಲಿಲ್ಲ, ನಾಕು ತಿಂಗಳ ಕೆಲಸ ಕೈಬಿಡಬೇಕಾತು. 12 ಎಂಎಂ ಪ್ಲೈ ಇರಲಿ, ಅಂಚಿಗೆ ಬಣ್ಣ ಹಚ್ರಿ.

ನನ್ನ ತುಂಡಿನ ಮ್ಯಾಲ ಬ್ಯಾಡಗಿ ಸ್ಟೇಷನ್ ಐತಿ, ಬಾಜೂಕ ಮೆಣಸಿನಕಾಯಿ ಕಣ. ಒಂದು ಸ್ಟಡ್ಡಿನ ದುಂಡನ ಕೆಂಪು ಪ್ಲೇಟ್ ಎಂಟುನೂರು ಸುರುವೀನಿ, ನಡುನಡುವ ಕಂದು ಬಣ್ಣದ್ದೂ ಹಾಕೀನಿ, ಒಣಗಿದ್ದು ಕಾಣಬೇಕಲ್ಲ. ರಾಶಿ ಅಂಟಿಸಿಲ್ಲ, ಸಡ್ಲ ಬಿಟ್ಟೀನಿ, ರೈಲು ಹೋದಾಗ ಒಂದೆರಡು ಉಳ್ಳತಾವು. ನಮ್ಮ ಸಾಲಿ ಹುಡುಗ್ರಿಗೆ ಅದ ಎಲ್ಲಾಕ್ಕಿಂತ ಇಷ್ಟ.

ಸಾಧನಕೇರಿ:

ಧಾರವಾಡದಿಂದ. ಬ್ಯಾಡಗಿ ಅಕ್ಕಾರ ಹಗರ ಇಟ್ಟಿಗಿ ಮಾತು ನಾ ಪೂರಾ ಒಪ್ಪೂದಿಲ್ಲ, ತಪ್ಪು ತಿಳೀಬ್ಯಾಡ್ರಿ. ಒಳಗ ತುಂಬಿದ್ದನ್ನ ಮುಂದ ಯಾವಾಗರ ಬಿಚ್ಚಿ ಬ್ಯಾರೆ ಮಾಡೂವಾಗ ಎಲ್ಲಾ ಬೆರಕಿ ಆಗಿ ಆರಸ್ಲಿಕ್ಕೆ ಎರಡು ದಿನ ಹೋಗ್ತದ. ಥರ್ಮೋಕೋಲ್ ಸಾಕು.

ಬ್ಯಾಟರಿ ಬಗ್ಗೆ ಯಾರೂ ಹೇಳಿಲ್ಲ. 1991ರಿಂದ 2007ರ ತನಕ ಬಂದ ಹಳೇ 9 ವೋಲ್ಟ್ ರೈಲಿಗೆ ಹಳಿಯೊಳಗಿಂದನ ಕರೆಂಟ್ ಬರ್ತಿತ್ತು, ಲೋಹದ ಹಳಿ. ನಿಮ್ದು ಈಗಿನ ಬ್ಲೂಟೂತ್ ರೈಲು, 2018ರಿಂದ ಬಂದದ್ದು, ಆರು ಸಣ್ಣ ಸೆಲ್ ಹಾಕ್ತಾವು. ಚಾರ್ಜ್ ಆಗೂ ಸೆಲ್ ಹಾಕಿದ್ರ ಒಂದೊಂದು 1.2 ವೋಲ್ಟ್, ಆರು ಕೂಡಿ 7.2 ಅಷ್ಟ, ರೈಲು ಸ್ವಲ್ಪ ಸಾವಕಾಶ ಓಡ್ತದ. ಮನೀ ಒಳಗ ಸಾವಕಾಶ ಓಡಿದ್ರನ ಚಂದ, ನಾ ಅದನ್ನ ಹಾಕ್ತೇನಿ.

ಧೂಳಿಗೆ ಹಳೇ ಕಾಟನ್ ಸೀರಿ ಹೊಚ್ರಿ, ಪ್ಲಾಸ್ಟಿಕ್ ಹಾಳಿ ಬ್ಯಾಡ. ಪೇಂಟ್ ಬ್ರಷ್ಷಿಲೆ ಝಾಡಸ್ರಿ. ತೊಳಿಯೂದಿದ್ರ ನೀರು 40 ಡಿಗ್ರಿ ದಾಟಬಾರದು, ಮೋಟರ್ ತೊಳೀಬ್ಯಾಡ್ರಿ. ಬಿಸಲು ಬೀಳೂ ಕಿಟಕಿ ಹಂತೇಕ ಬಿಳಿ ಇಟ್ಟಿಗಿ ಹಳದಿ ಆಗ್ತಾವು. ಮತ್ತ ವಾರಕ್ಕೊಮ್ಮೆ ಗಾಲಿ ಅಚ್ಚಿಗೆ ಸುತ್ತಿದ ಕೂದಲು ತಗೀರಿ, ಅರ್ಧ ಓಟ ಅದ ನುಂಗಿರ್ತದ.

ಗದಗ ಜಂಕ್ಷನ್:

ಪ್ಲಾಟ್‌ಫಾರ್ಮಿನ ಮಾತು ಉಳೀತಲ್ಲ, ಎರಡು ದಿನದಿಂದ ನನ್ನ ತಲ್ಯಾಗ ಅದ ಐತಿ.

ಹುಬ್ಬಳ್ಳಿ ಪ್ಲಾಟ್‌ಫಾರ್ಮ್ 1507 ಮೀಟರ್, 2023ರ ಮಾರ್ಚ್‌ನ್ಯಾಗ ಉದ್ಘಾಟನಿ ಆದದ್ದು, ಅದಕ್ಕಿಂತ ಮೊದಲು ಎಲ್ಲಾಕ್ಕಿಂತ ಉದ್ದಂದ್ರ ಗೋರಖಪುರದ್ದು, 1366. ಅಕ್ಕಾರು ಹೇಳಿದ 50ಕ್ಕ 1ರ ಲೆಕ್ಕದಾಗ 1507 ಅಂದ್ರ 30 ಮೀಟರ್ ಮ್ಯಾಲ. 118 ಬೇಸ್‌ಪ್ಲೇಟ್. ನಿಮ್ಮ ಮೂರರ ತುಂಡಿನಂಗ ಸುಮಾರು ನಲವತ್ತು ತುಂಡು. ಒಬ್ಬರ ಮನ್ಯಾಗ ಹಿಡಿಯೂದಿಲ್ಲ, ಖರೇ. ಆದ್ರ ಒಬ್ಬರ ಯಾಕ ಮಾಡಬೇಕು? ಪ್ಲಾಟ್‌ಫಾರ್ಮನ್ನೂ ಅಂಚಿನ ನಿಯಮದಾಗ ಸೇರಸೂಣು. ಒಳಗಿನ ಲೈನಿನ ನಡುಗೆರಿ 24ಕ್ಕ ಐತಿ, ಡಬ್ಬಿ ಅದರಿಂದ 4 ಸ್ಟಡ್ ಚಾಚ್ತೈತಿ, ಒಂದು ಸ್ಟಡ್ ಸಂದು ಬಿಟ್ರ 29ನೇ ಸ್ಟಡ್ಡಿನ ಗೆರಿಯಿಂದ ಪ್ಲಾಟ್‌ಫಾರ್ಮ್ ಸುರು. ಎತ್ತರ ಹಳಿ ತಲಿಯಿಂದ ಮ್ಯಾಲ ಐದು ಪ್ಲೇಟ್, ಅಂದ್ರ 16 ಎಂಎಂ, 50ರಿಂದ ಗುಣಸಿದ್ರ 80 ಸೆಂಟಿಮೀಟರ್. ರೈಲ್ವೆದವ್ರ ಎತ್ತರದ ಪ್ಲಾಟ್‌ಫಾರ್ಮ್ ಹಳಿ ಮ್ಯಾಲಿಂದ 76ರಿಂದ 84 ಸೆಂಟಿಮೀಟರ್ ಇರ್ತೈತಿ, ನಮ್ದು ಬರೋಬ್ಬರಿ ನಡುವ ಬೀಳ್ತೈತಿ. ಅಗಲ 16 ಸ್ಟಡ್ ಇರಲಿ. ಅದರ ಮ್ಯಾಲ ಚಾದ ಗಾಡಿ ಇಡ್ರಿ, ಬೆಂಚ್ ಇಡ್ರಿ, ಗಂಟು ಹೊತ್ತ ಮಂದಿನ ನಿಲ್ಲಸ್ರಿ, ಅದು ನಿಮ್ಮ ಮರ್ಜಿ.

ನಿಮ್ಮ ಮಗಳ ತುಂಡು ಎರಡು, ನಂದು ಎರಡು, ಅಕ್ಕಾರ್ದು ಒಂದು, ಕಾಕಾರ್ದು ಒಂದು ಅಂತ ಹಿಡಿದ್ರೂ ಆರು ತುಂಡು, 4.6 ಮೀಟರ್. ಕೋಲ್ಯಾಗ ಬ್ಯಾಡ, ಯಾವುದರ ಸಾಲಿ ಹಾಲಿನ್ಯಾಗ ಒಂದು ದಿನ ಕೂಡೂಣು.

ಹಳೇ ಪೈಲಟ್:

ನಂದು ಒಂದಲ್ಲ ಎರಡು ಬರ್ಕೋ. ಒಂದರ ಮ್ಯಾಲ ವರ್ಕ್‌ಶಾಪಿನ ಗೇಟು, ಪಾಳಿ ಬಿಟ್ಟಾಗ ಸೈಕಲ್ ಹೊರಗ ಬೀಳೂದು ಮಾಡ್ತೇನಿ. ಪ್ಲಾಟ್‌ಫಾರ್ಮ್ ತುದಿ ಇಳಿಜಾರು ಇರಬೇಕು, ಎರಡು ಕಡೆ ತುದಿ ತುಂಡಿಗೆ ಅಷ್ಟ, ನಡುವಿನವ್ರು ಯಾರೂ ಇಳಿಜಾರು ಮಾಡಬ್ಯಾಡ್ರಿ.

ಬ್ಯಾಡಗಿ ಬ್ರಿಕ್ಸ್:

ನಮ್ಮ ಸಾಲಿ ಹಾಲ್ ಕೇಳ್ತೀನಿ ಅಣ್ಣಾರ, ದಸರಾ ಸೂಟ್ಯಾಗ ಖಾಲಿ ಇರ್ತೈತಿ. ನೆಲಾನೂ ಸಮಾ ಐತಿ. ಹೆಡ್‌ಮಾಸ್ತರ್ ಹೂಂ ಅಂದ ಕೂಡ್ಲೆ ಇಲ್ಲೇ ಬರೀತೀನಿ. ತುಂಡು ತರೂವಾಗ ಬಸ್ಸಿನ ಮ್ಯಾಲ ಹಾಕಬ್ಯಾಡ್ರಿ, ಒಳಗ ಕಾಲಿನ ಹತ್ರ ಇಟ್ಕೊಂಡ ಬರ್ರಿ, ಕಟ್ಟಡ ತಗದು ಬ್ಯಾರೆ ಡಬ್ಬ್ಯಾಗ, ಹಳಿ ಮಾತ್ರ ತುಂಡಿನ ಮ್ಯಾಲ.

ಕೇಶ್ವಾಪುರದ ಹಳಿ:

ಮಗಳಿಗೆ ಎಲ್ಲಾ ಓದಿ ಹೇಳ್ದೆ. ನಲವತ್ತು ತುಂಡಿನಾಗ ಇನ್ನ ಎಷ್ಟು ಉಳಿದಾವು ಅಂತ ಕೇಳಾಕತ್ತಾಳ, ಗ್ವಾಡಿ ಮ್ಯಾಲ ನಲವತ್ತು ಚೌಕಾ ಬರದು ಏಳು ತುಂಬ್ಯಾಳ, ಕಾಕಾರ ಎರಡನೇದೂ ಸೇರಿ. ನಾಳೆ ಹಳಿ ಮ್ಯಾಲಿಂದ ಐದು ಪ್ಲೇಟ್ ಎತ್ತರ ಕಟ್ಟಿ, ನೀಲಿ ಡಬ್ಬಿ ಇನ್ನೂ ಇಲ್ಲ, ಪ್ಯಾಸೆಂಜರ್ ರೈಲ ಬಾಜೂಕ ನಿಲ್ಲಿಸಿ ನೋಡ್ತೀವಿ. ಬೋಲ್ಟ್ ತರಾಕ ಹೊಂಟೀನಿ, 8 ಎಂಎಂ ಅಂದ್ರಲ್ಲ, ಉದ್ದ ಎಷ್ಟು ಇರಬೇಕ್ರಿ? ಫ್ರೇಮಿನ ಪಟ್ಟಿ ಒಂದೊಂದು 18 ಎಂಎಂ ದಪ್ಪ ಐತಿ.

ಗದಗ ಜಂಕ್ಷನ್:

ಎರಡು ಪಟ್ಟಿ 36, ವಾಶರ್ ಎರಡು, ನಟ್ ಒಂದು. 60 ಎಂಎಂ ತಗೋರಿ. ರೆಕ್ಕಿ ನಟ್ ಕೇಳ್ರಿ, ಪಾನಾ ಬೇಕಾಗೂದಿಲ್ಲ, ಮಗಳ ಕೈಲೇ ತಿರುವಬಹುದು.